ಫರಸಿ ನೆಲದ ಮನಿಗೆ ಕ್ಲಾಸ್-ಡಿ ಆಂಪ್: ಯಾವುದು ತಗೋಬೇಕ್ರಿ?

ಫರಸಿಮನಿ, ಕಲಬುರಗಿ

ಶರಣ್ರಿ ಎಲ್ಲರಿಗೂ. ಅಪ್ಪಾರ ಕಾಲದ ಆಂಪ್ಲಿಫೈಯರ್ ಈ ಬ್ಯಾಸಿಗ್ಯಾಗ ಕೈ ಕೊಟ್ಟದ. ಎಡಗಡಿ ಸ್ಪೀಕರ್‌ನಾಗ ಮೊದಲ ಗುಂಯ್ ಅಂತ ಸಪ್ಪಳ ಬರ್ಲತ್ತಿತ್ತು, ಎಂಟು ದಿನದಾಗ ಆ ಚಾನಲ್ಲೇ ಬಂದ್ ಆತು. ಬಿಚ್ಚಿ ನೋಡಿದ್ರ ದೊಡ್ಡ ಫಿಲ್ಟರ್ ಕಂಡೆನ್ಸರ್ ಮ್ಯಾಲಿನ ತಗಡು ಪೂರಿ ಉಬ್ಬಿದಂಗ ಉಬ್ಬ್ಯದ, ಬುಡದಾಗ ಕಂದು ಅಂಟು ಸೋರ್ಯದ. ಬಲಗಡಿ ಇನ್ನೂ ನಡೀತದ.

ರಿಪೇರಿ ಮಾಡಿಸ್ಬೇಕೋ, ಹೊಸಾ ಕ್ಲಾಸ್-ಡಿ ತಗೋಬೇಕೋ ಅಂತ ಎರಡು ಮನಸ್ಸು ಆಗ್ಯದ. ಸ್ಪೀಕರ್ ಬುಕ್‌ಶೆಲ್ಫ್ ನಮೂನಿದು, 6 ಓಮ್, ಸೆನ್ಸಿಟಿವಿಟಿ 86 ಡೆಸಿಬಲ್. ಹಾಲ್ 12 ಅಡಿ ಅಗಲ, 15 ಅಡಿ ಉದ್ದ. ಕೆಳಗ ಶಹಾಬಾದ್ ಫರಸಿ, ಮ್ಯಾಲೆ ಆರ್‌ಸಿಸಿ. ಕೇಳೋದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ, ವಚನ, ಒಮ್ಮೊಮ್ಮೆ ಹಳೇ ಸಿನಿಮಾ ಹಾಡು. ಅಪ್ಪಾರು ಅದೇ ಹಾಲ್‌ನಾಗ ಮುಂಜಾನೆ ಮೀಡಿಯಂ ವೇವ್ ರೇಡಿಯೊ ಹಚ್ತಾರ. ಮನ್ಯಾಗ ಇನ್ವರ್ಟರ್ ಅದ. ಎಲ್ಲಾ ಕೂಡಿ 25 ಸಾವಿರ ಇಟ್ಟೀನಿ. ಒಬ್ಬ ಅಂಗಡ್ಯವರು ‘ಇದು ಡಿಜಿಟಲ್ ಆಂಪ್, 300 ವ್ಯಾಟ್‌ನವು ಎರಡು ಚಾನಲ್’ ಅಂತ ಅಂಗೈಯಷ್ಟು ಡಬ್ಬಿ ತೋರಿಸಿದ್ರು. ಅಷ್ಟು ಸಣ್ಣ ಡಬ್ಬ್ಯಾಗ 600 ವ್ಯಾಟ್ ಹೆಂಗ ಕೂಡ್ತದ್ರಿ?

ಹಳೇರಿಪೇರಿ, ಸೂಪರ್ ಮಾರ್ಕೆಟ್, ಕಲಬುರಗಿ

ಮೊದಲ ಒಂದು ಮಾತು. ಕ್ಲಾಸ್-ಡಿ ಒಳಗಿನ ‘ಡಿ’ ಅಂದ್ರ ಡಿಜಿಟಲ್ ಅಲ್ರಿ. ಎ, ಬಿ, ಸಿ ಆದ ಮ್ಯಾಲೆ ಬಂದ ಅಕ್ಷರ, ಅಷ್ಟೇ.

ಹಳೇ ಫ್ಯಾನ್ ರೆಗ್ಯುಲೇಟರ್ ನೆನಪದ ಏನು? ಗೋಡಿಗೆ ದೊಡ್ಡ ಡಬ್ಬಿ, ಒಳಗ ರೆಸಿಸ್ಟನ್ಸ್ ತಂತಿ. ಫ್ಯಾನ್ ಸಾವಕಾಶ ಮಾಡಿದ್ರ ಉಳಿದ ಕರೆಂಟು ಆ ತಂತ್ಯಾಗ ಕಾವಾಗಿ ಹೋಗ್ತಿತ್ತು, ಕೈ ಇಟ್ರ ಸುಡ್ತಿತ್ತು. ನಿಮ್ಮ ಹಳೇ ಆಂಪ್ ಕ್ಲಾಸ್ ಎಬಿ, ಹಂಗೇ ಕೆಲಸ ಮಾಡ್ತದ. ಔಟ್‌ಪುಟ್ ಟ್ರಾನ್ಸಿಸ್ಟರ್ ಅರ್ಧ ತೆರೆದು ಅರ್ಧ ಮುಚ್ಚಿ ನಿಂತಿರ್ತದ. ಅದರ ಮ್ಯಾಲೆ ವೋಲ್ಟೇಜೂ ಇರ್ತದ, ಒಳಗ ಕರೆಂಟೂ ಹರೀತದ, ಎರಡರ ಗುಣಾಕಾರ ಕಾವು. ಕ್ಲಾಸ್-ಡಿ ಒಳಗ ಟ್ರಾನ್ಸಿಸ್ಟರ್ ಪೂರಾ ಚಾಲೂ ಇಲ್ಲಾ ಪೂರಾ ಬಂದ್. ಚಾಲೂ ಇದ್ದಾಗ ಅದರ ಮ್ಯಾಲೆ ವೋಲ್ಟೇಜ್ ಉಳಿಯಂಗಿಲ್ಲ, ಬಂದ್ ಇದ್ದಾಗ ಕರೆಂಟ್ ಹರಿಯಂಗಿಲ್ಲ. ಸೆಕೆಂಡಿಗೆ ನಾಲ್ಕು ಲಕ್ಷ, ಆರು ಲಕ್ಷ ಸಲ ಹಿಂಗ ಚಾಲೂ-ಬಂದ್ ಆಗ್ತದ. ಹಾಡು ಮ್ಯಾಲೆ ಹೋದಂಗ ಚಾಲೂ ಇರೋ ಹೊತ್ತು ಜಾಸ್ತಿ, ಇಳದಂಗ ಕಮ್ಮಿ. ಕಡೀಗೆ ಒಂದು ಕಾಯಿಲ್, ಒಂದು ಕಂಡೆನ್ಸರ್ ಆ ಬಡಿತಾನ ಅಳಸಿ ಹಾಡು ಅಷ್ಟೇ ಸ್ಪೀಕರ್‌ಗೆ ಬಿಡ್ತಾವ. ಜೋರು ನಡದಾಗ ಎಳದ ಕರೆಂಟಿನ್ಯಾಗ 90 ಪರ್ಸೆಂಟ್ ಸ್ಪೀಕರ್‌ಗೇ ಮುಟ್ತದ.

ಕಲಬುರಗಿಯವರಿಗೆ ಇದು ಯಾಕ ಮುಖ್ಯ ಅಂದ್ರ, ಮೇ ತಿಂಗಳದಾಗ ಹೊರಗ 43 ಡಿಗ್ರಿ ಇರ್ತದ, ಶೋಕೇಸ್ ಒಳಗಿನ ಆಂಪ್ ಹೊಟ್ಟ್ಯಾಗ 60 ದಾಟ್ತದ. ಕಂಡೆನ್ಸರ್‌ಗೆ 10 ಡಿಗ್ರಿ ಕಾವು ಹೆಚ್ಚಾದಂಗ ಆಯುಷ್ಯ ಸುಮಾರು ಅರ್ಧಕ್ಕ ಇಳೀತದ. ನಿಮ್ಮದು ಉಬ್ಬಿದ್ದು ಹಿಂಗೇ. ಬೋರ್ಡ್ ಸುಟ್ಟಿಲ್ಲಂದ್ರ ಎರಡೂ ಚಾನಲ್ ಕಂಡೆನ್ಸರ್ ಬದಲಿಸಿದ್ರ ಅದೂ ನಡೀತದ, ಭಂಗಾರಕ್ಕ ಹಾಕಬ್ಯಾಡ್ರಿ.

ತಂಬೂರಿ, ಬೀದರ

ನಾ ಸ್ವಲ್ಪ ಬ್ಯಾರೆ ಮಾತು ಹೇಳ್ತೀನಿ, ಕ್ಷಮಾ ಇರಲಿ. ಹತ್ತು-ಹನ್ನೆರಡು ವರ್ಷದ ಹಿಂದ ನಾನೂ ಒಂದು ಸಣ್ಣ ಕ್ಲಾಸ್-ಡಿ ಬೋರ್ಡ್ ತರಿಸಿ ಆರು ತಿಂಗಳು ಕೇಳಿದೆ. ತಬಲಾದ ಬಾಯಾ ಗಟ್ಟಿ ಇತ್ತು, ಖರೆ. ಆದ್ರ ತಂಬೂರಿ ತಂಬೂರಿ ಇರ್ಲಿಲ್ಲ. ತಂಬೂರಿ ತಂತಿ ಮೀಟಿದ ಮ್ಯಾಲೆ ಕುದುರಿ ಮ್ಯಾಲಿನ ದಾರದಿಂದ ಏಳೋ ಜವಾರಿ ಇರ್ತದಲ್ಲ, ಜೇನುಹುಳ ದೂರದಾಗ ಹಾರಿದಂಗ ಒಂದರ ಮ್ಯಾಲೊಂದು ಸ್ವರ ಬಿಚ್ಚಿಕೊಳ್ಳೋದು, ಅದು ಆ ಬೋರ್ಡಿನ್ಯಾಗ ಒಣಗಿದ ಎಲಿ ಸಪ್ಪಳ ಆಗಿತ್ತು. ಮಲ್ಲಿಕಾರ್ಜುನ ಮನ್ಸೂರರ ಧ್ವನಿ ಹಿಂದ ತಂಬೂರಿ ಸತ್ತ್ರ ಗಾಯನಕ್ಕ ನೆಲಾನೇ ಇರಂಗಿಲ್ಲ. ಹಳೇದನ್ನೇ ರಿಪೇರಿ ಮಾಡಿಸ್ರಿ ಅಂತ ನನ್ನ ಸಲಹಾ.

ಸರ್ಕ್ಯೂಟ್‌ಹುಡುಗಿ, ಕಲಬುರಗಿ

ನಾನು ಮೈಸೂರಿನವಳು, ಇಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ತಂಬೂರಿ ಸರ್ ಕೇಳಿದ್ದು ಭ್ರಮೆಯಲ್ಲ, ಅದಕ್ಕೆ ಕಾರಣ ಇದೆ.

ರಿಪೇರಿ ಕಾಕಾ ಹೇಳಿದ ಆ ಕಾಯಿಲ್ ಮತ್ತು ಕಂಡೆನ್ಸರ್ ಸ್ಪೀಕರ್‌ನ ಓಮ್ ನೋಡಿಕೊಂಡು ಬೇರೆ ಬೇರೆ ಥರ ವರ್ತಿಸುತ್ತವೆ. ಸಾಮಾನ್ಯವಾಗಿ ಪ್ರತಿ ಕಾಲಿಗೆ, ಅಂದರೆ ಸ್ಪೀಕರ್‌ಗೆ ಹೋಗುವ ಕೆಂಪು, ಕಪ್ಪು ವೈರ್ ಒಂದೊಂದಕ್ಕೂ, 10 ಮೈಕ್ರೊಹೆನ್ರಿ ಕಾಯಿಲ್, 1 ಮೈಕ್ರೊಫ್ಯಾರಡ್ ಕಂಡೆನ್ಸರ್ ಇರುತ್ತೆ. ಲೆಕ್ಕ ಹಾಕಿ ನೋಡಿದೆ: 4 ಓಮ್ ಸ್ಪೀಕರ್ ಇದ್ದರೆ 20 ಕಿಲೊಹರ್ಟ್ಸ್ ಹತ್ತಿರ ಅರ್ಧ ಡೆಸಿಬಲ್ ಇಳಿಯುತ್ತೆ, 8 ಓಮ್ ಇದ್ದರೆ ಸುಮಾರು 1 ಡೆಸಿಬಲ್ ಏರುತ್ತೆ. ಟ್ವೀಟರ್‌ನ ಓಮ್ ಮೇಲಿನ ಸ್ವರಗಳಲ್ಲಿ ಇನ್ನೂ ಏರುವುದರಿಂದ ಉಬ್ಬು ಇನ್ನೂ ಸ್ವಲ್ಪ ಜಾಸ್ತಿ. ಇದರ ಜೊತೆಗೆ ಡೆಡ್ ಟೈಮ್ ಅಂತ ಒಂದಿದೆ. ಮೇಲಿನ ಟ್ರಾನ್ಸಿಸ್ಟರ್ ಬಂದ್ ಆಗಿ ಕೆಳಗಿನದು ಚಾಲೂ ಆಗುವ ನಡುವೆ ಎರಡೂ ಬಂದ್ ಇರುವ ಕ್ಷಣ ಅದು. ಬಿಡದಿದ್ದರೆ ಎರಡೂ ಒಟ್ಟಿಗೆ ತೆರೆದು ಸುಟ್ಟೇ ಹೋಗುತ್ತವೆ, ಜಾಸ್ತಿ ಬಿಟ್ಟರೆ ಧ್ವನಿ ಒರಟಾಗುತ್ತೆ. ಹಳೆಯ ಅಗ್ಗದ ಬೋರ್ಡ್‌ಗಳು ಇಲ್ಲೇ ಸೋಲುತ್ತಿದ್ದವು.

ಈ ವಿಚಾರ ಹೊಸದೇನಲ್ಲ. ಬ್ರಿಟಿಷ್ ವಿಜ್ಞಾನಿ ಅಲೆಕ್ ರೀವ್ಸ್ 1950ರ ದಶಕದಲ್ಲೇ ಹೇಳಿದ್ದು. ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ 1964ರಲ್ಲಿ ಎಕ್ಸ್-10 ಅಂತ ಕಿಟ್ ಮಾರಿದರು. ಆಗ ಅಷ್ಟು ಚುರುಕಾದ ಟ್ರಾನ್ಸಿಸ್ಟರ್‌ಗಳೇ ಇರಲಿಲ್ಲ, ನಿಲ್ಲಲಿಲ್ಲ. ದೊಡ್ಡ ಬದಲಾವಣೆ 2001ರ ಸುಮಾರಿಗೆ ಫಿಲಿಪ್ಸ್‌ನಲ್ಲಿ ಬ್ರೂನೊ ಪುಟ್ಜಿಸ್ ಮಾಡಿದ ಯುಸಿಡಿ ಅನ್ನುವ ಸರ್ಕ್ಯೂಟ್. ಫಿಲ್ಟರ್ ದಾಟಿದ ಮೇಲೆ, ಸ್ಪೀಕರ್ ಟರ್ಮಿನಲ್‌ನಿಂದಲೇ ಫೀಡ್‌ಬ್ಯಾಕ್ (ಹೊರಬಂದ ಸಿಗ್ನಲನ್ನು ಒಳಬಂದದ್ದರ ಜೊತೆ ಹೋಲಿಸಿ ತಿದ್ದುವ ಏರ್ಪಾಡು) ತೆಗೆದುಕೊಂಡರೆ ಫಿಲ್ಟರ್‌ನ ತಪ್ಪನ್ನೂ ಅದು ತಿದ್ದುತ್ತೆ. ಹೈಪೆಕ್ಸ್‌ನ ಎನ್‌ಕೋರ್, 2019ರಲ್ಲಿ ಬಂದ ಪ್ಯೂರಿಫೈ ಮಾಡ್ಯೂಲ್ ಎಲ್ಲವೂ ಅದೇ ದಾರಿಯವು. ಅವು ನಮ್ಮ ಬಜೆಟ್‌ಗೆ ಸಿಗಲ್ಲ. ಆದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3255 ಐಸಿ ಮೇಲೂ ಇದನ್ನು ಮಾಡಬಹುದು. ವಿವರದಲ್ಲಿ ‘ಪಿಎಫ್‌ಎಫ್‌ಬಿ’ ಅಂತ ಇದೆಯಾ ನೋಡಿ. ಇದ್ದರೆ ನಿಮ್ಮ ಸ್ಪೀಕರ್ 4 ಓಮ್ ಇರಲಿ 8 ಓಮ್ ಇರಲಿ, ಮೇಲಿನ ಸ್ವರಗಳು ಸಮನಾಗಿ ಬರುತ್ತವೆ.

ಹಳೇರಿಪೇರಿ, ಸೂಪರ್ ಮಾರ್ಕೆಟ್, ಕಲಬುರಗಿ

ಛಲೋ ಹೇಳಿದಿ ಮಗಳ. ಆ 300 ವ್ಯಾಟಿಂದೂ ನೀನೇ ಬಿಡಿಸಿ ಹೇಳು. ನನಗ ಅನುಭವ ಅದ, ಲೆಕ್ಕ ನಿನ್ನದು ಚೊಕ್ಕ ಅದ.

ಸರ್ಕ್ಯೂಟ್‌ಹುಡುಗಿ, ಕಲಬುರಗಿ

ಆಯ್ತು ಕಾಕಾ.

ಫೋಸಿ ವಿ3, ಐಯಿಮಾ ಎ07, ವಿಮ್ ಆಂಪ್ ಹೀಗೆ ಈಗ ಹೆಸರು ಮಾಡಿರುವ ಅನೇಕ ಡಬ್ಬಿಗಳಲ್ಲಿ ಇರುವುದು ಇದೇ ಟಿಪಿಎ3255. ಡೇಟಾಶೀಟ್‌ನಲ್ಲಿ ಇದಕ್ಕೆ ಪ್ರತಿ ಚಾನಲ್‌ಗೆ 315 ವ್ಯಾಟ್ ಅಂತ ಬರೆದಿರುವುದು ನಿಜ. ಅದು 51 ವೋಲ್ಟ್ ಸಪ್ಲೈ, 4 ಓಮ್ ಸ್ಪೀಕರ್, 10 ಪರ್ಸೆಂಟ್ ಡಿಸ್ಟಾರ್ಷನ್ ಇದ್ದಾಗಿನ ಮಾತು. 10 ಪರ್ಸೆಂಟ್ ಅಂದರೆ ಧ್ವನಿ ಹರಿದುಹೋಗಿರುತ್ತೆ, ಯಾರೂ ಕೇಳಲ್ಲ.

ಹಾಗಾಗಿ ಐಸಿ ಹೆಸರಿಗಿಂತ ಅಡಾಪ್ಟರ್ ಮೇಲಿನ ಚೀಟಿ ಓದಿ. ಸಪ್ಲೈ ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿ. 24 ವೋಲ್ಟ್ ಇದ್ದರೆ ನಿಮ್ಮ 6 ಓಮ್‌ಗೆ 48 ವ್ಯಾಟ್. 32 ವೋಲ್ಟ್ ಇದ್ದರೆ 85. 48 ವೋಲ್ಟ್ ಇದ್ದರೆ 192. ಇವೆಲ್ಲ ತಾತ್ವಿಕ ಗರಿಷ್ಠ, ನಿಜದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಆಮೇಲೆ ಆಂಪಿಯರ್ ನೋಡಿ. 32 ವೋಲ್ಟ್ 5 ಆಂಪಿಯರ್ ಅಂದರೆ ಎರಡೂ ಚಾನಲ್ ಸೇರಿ ಅಡಾಪ್ಟರ್ ಕೊಡುವುದೇ 160 ವ್ಯಾಟ್. ಬಾವಿಯಲ್ಲಿ 160 ಕೊಡ ಇದ್ದರೆ 600 ಕೊಡ ಸೇದೋದು ಎಲ್ಲಿಂದ?

ನಿಮಗೆ ಎಷ್ಟು ಬೇಕು ಅಂತ ಅಂದಾಜು ಬೇಡ, ಅಳೆದುಬಿಡಿ. ಬಲಗಡೆ ಚಾನಲ್ ನಡೀತಿದೆಯಲ್ಲ? ನಿಮ್ಮ ಇಷ್ಟದ ಹಾಡು ಹಾಕಿ, ಇದಕ್ಕಿಂತ ಜೋರು ನಾನು ಎಂದೂ ಇಡಲ್ಲ ಅನ್ನಿಸುವಷ್ಟು ವಾಲ್ಯೂಮ್ ಏರಿಸಿ. ಹಾಡು ನಿಲ್ಲಿಸಿ, ವಾಲ್ಯೂಮ್ ಮುಟ್ಟಬೇಡಿ. ಈಗ 100 ಹರ್ಟ್ಸ್‌ನ, ಮೈನಸ್ 12 ಡೆಸಿಬಲ್‌ನ ಟೋನ್ ಫೋನಿನಿಂದ ಹಾಕಿ, ಮಲ್ಟಿಮೀಟರ್ ಎಸಿ ವೋಲ್ಟ್‌ಗೆ ತಿರುಗಿಸಿ ಸ್ಪೀಕರ್‌ನ ಕೆಂಪು-ಕಪ್ಪು ಟರ್ಮಿನಲ್ ನಡುವೆ ಹಿಡಿಯಿರಿ. ಬಂದ ಅಂಕಿ ಇಲ್ಲಿ ಬರೆಯಿರಿ.

ಫರಸಿಮನಿ, ಕಲಬುರಗಿ

ಅಳದೆ. ಅವ್ವಾರು ಅಡಗಿಮನಿಯಿಂದ ಬಂದು ‘ಏನಿದು ಬುಂಗುಡುವ ಸಪ್ಪಳ, ಗಿರಣಿ ಹಚ್ಚೀರೇನು’ ಅಂದ್ರು. ಮೀಟರ್ 3.2 ವೋಲ್ಟ್ ತೋರಸ್ತು. ಮೂರು ಸಲ ನೋಡೀನಿ, ಅಷ್ಟೇ.

ಸರ್ಕ್ಯೂಟ್‌ಹುಡುಗಿ, ಕಲಬುರಗಿ

ಆ ಟೋನ್ ಹಾಡು ಮುಟ್ಟಬಹುದಾದ ಗರಿಷ್ಠ ಮಟ್ಟಕ್ಕಿಂತ 12 ಡೆಸಿಬಲ್ ಕೆಳಗಿತ್ತು. 12 ಡೆಸಿಬಲ್ ಅಂದರೆ ವೋಲ್ಟೇಜ್‌ನಲ್ಲಿ ನಾಲ್ಕು ಪಟ್ಟು. 3.2 ನಾಲ್ಕಲೆ 12.8 ವೋಲ್ಟ್. ಅದನ್ನು ಅದರಿಂದಲೇ ಗುಣಿಸಿ 6ರಿಂದ ಭಾಗಿಸಿದರೆ 27 ವ್ಯಾಟ್. ಇದು ನಿಮ್ಮ ಅತೀ ಜೋರಿನ ಹೊತ್ತಿನ ಶಿಖರ. ಮಾಮೂಲಿ ಕೇಳುವಾಗ ಅರ್ಧ ವ್ಯಾಟೂ ಹೋಗ್ತಿರಲ್ಲ. ತಬಲಾದ ಪೆಟ್ಟು, ತಾರಸ್ಥಾಯಿಯ ತಾನ್ ಬಂದಾಗ ಮಾತ್ರ ಆ ಶಿಖರ.

ಹಾಗಾಗಿ 32 ವೋಲ್ಟ್‌ನದು ನಿಮಗೆ ಧಾರಾಳ. 48 ವೋಲ್ಟ್‌ಗೆ ದುಡ್ಡು ಸುರಿಯಬೇಡಿ. ಎರಡರಷ್ಟು ವ್ಯಾಟ್ ಕೊಟ್ಟರೆ ಕಿವಿಗೆ ಸಿಗೋದು 3 ಡೆಸಿಬಲ್ ಅಷ್ಟೇ.

ಇನ್ನೊಂದು, ಗೇನ್. ಒಳಬಂದ ವೋಲ್ಟೇಜನ್ನು ಆಂಪ್ ಎಷ್ಟು ಪಟ್ಟು ಹಿಗ್ಗಿಸುತ್ತೆ ಅನ್ನುವುದು ಅದು. ಫೋನನ್ನು ಆಂಪ್‌ಗೆ ಜೋಡಿಸುವ ಸಾಮಾನ್ಯ ಯುಎಸ್‌ಬಿ ಡಾಂಗಲ್ 1 ವೋಲ್ಟ್ ಕೊಡುತ್ತೆ, ನಿಮಗೆ ಬೇಕಿರುವುದು 12.8. ಅಂದರೆ 22 ಡೆಸಿಬಲ್ ಗೇನ್ ಸಾಕು. 30ಕ್ಕಿಂತ ಹೆಚ್ಚು ಗೇನ್ ಇರುವ ಆಂಪ್‌ನಲ್ಲಿ ನಾಬ್ ಸ್ವಲ್ಪ ತಿರುಗಿಸುವಷ್ಟರಲ್ಲಿ ಜೋರಾಗುತ್ತೆ, ಸುಮ್ಮನಿದ್ದಾಗ ಸುಸ್ ಅನ್ನುವ ಶಬ್ದವೂ ಏಳುತ್ತೆ. ರಾತ್ರಿ ಕೇಳುವವರಿಗೆ ಅದು ಕಿರಿಕಿರಿ.

ಭೀಮಾತೀರ, ಯಾದಗಿರಿ

ಎಲ್ಲಾ ಲೆಕ್ಕ ಸರಿ ಅದ. ನಾ ಕಳಕೊಂಡದ್ದು ಹೇಳ್ತೀನಿ, ಮತ್ತೊಬ್ಬರು ಕಳಕೋಬಾರದು.

ನಮ್ಮ ಹಳೇ ಆಂಪ್‌ನಾಗ ಎರಡೂ ಸ್ಪೀಕರಿನ ಕಪ್ಪು ವೈರ್ ಒಂದೇ ಇತ್ತು. ಗೋಡ್ಯಾಗಿಂದ ಮೂರೇ ವೈರ್ ಎಳದಿದ್ರು: ಎರಡು ಕೆಂಪು, ಒಂದು ಕಪ್ಪು. ಹೊಸಾ ಕ್ಲಾಸ್-ಡಿ ತಂದು ಅದೇ ವೈರಿಗೆ ಎರಡೂ ಕಪ್ಪು ಟರ್ಮಿನಲ್ ಕೂಡಿಸಿ ಬಿಗದೆ. ಚಾಲೂ ಮಾಡಿದ ಕೂಡ್ಲೇ ಟಪ್ ಅಂತು, ಐಸಿ ಹೋತು. ಈ ಆಂಪ್‌ಗಳೊಳಗ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ರಿ. ಕೆಂಪಿನಾಗ ಎಷ್ಟು ಕಸುವು ಅದನೋ ಕಪ್ಪಿನಾಗೂ ಅಷ್ಟೇ ಅದ, ಉಲ್ಟಾ ದಿಕ್ಕಿನ್ಯಾಗ ಬಡೀತದ. ಎಡದ ಕಪ್ಪು ಬಲದ ಕಪ್ಪು ಕೂಡಿಸ್ಬಾರದು, ಎರಡನ್ನೂ ಕೇಸಿಗೆ ಅರ್ಥ್ ಮಾಡಬಾರದು. ಸಬ್‌ವೂಫರ್ ಇದ್ರ ಸ್ಪೀಕರ್ ಟರ್ಮಿನಲ್‌ನಿಂದ ವೈರ್ ತಗೊಳ್ಳೋಕಿಂತ ಮೊದಲ ಅದರ ಪುಸ್ತಕ ಓದ್ರಿ.

ಹಳೇರಿಪೇರಿ, ಸೂಪರ್ ಮಾರ್ಕೆಟ್, ಕಲಬುರಗಿ

ನಮ್ಮ ಬೆಂಚಿಗೆ ಬರೋ ಕ್ಲಾಸ್-ಡಿಯೊಳಗ ಇದೇ ಕಾರಣಕ್ಕ ಬಂದವು ಭಾಳ. ಎರಡನೇ ಕಾರಣ ಅಡಾಪ್ಟರ್.

ಅಡಾಪ್ಟರ್ ಸಂಗ್ತಿ ಹೇಳ್ತೀನಿ ಕೇಳ್ರಿ. ಕೈಯಾಗ ಹಿಡದು ನೋಡ್ರಿ, 160 ವ್ಯಾಟ್ ಅಂತ ಬರದಿದ್ದು ಮೊಬೈಲ್ ಚಾರ್ಜರಿನಷ್ಟು ಹಗುರ ಇದ್ರ ನಂಬಬ್ಯಾಡ್ರಿ. ಬಿಐಎಸ್ ಗುರುತು, ‘ಆರ್’ ಅಕ್ಷರದ ನಂಬರ್ ಇರ್ಬೇಕು. 100ರಿಂದ 240 ವೋಲ್ಟ್ ತನಕ ಅಂತ ಬರದಿರ್ಬೇಕು. ಅಂಥದ್ದು ಇದ್ರ ಸಂಜಿ ಹೊತ್ತು ವೋಲ್ಟೇಜ್ 170ಕ್ಕ ಬಿದ್ರೂ ಹಾಡು ಕುಗ್ಗಂಗಿಲ್ಲ. ಹಳೇ ಟ್ರಾನ್ಸ್‌ಫಾರ್ಮರ್ ಆಂಪ್ ಹಂಗಲ್ಲ, ವೋಲ್ಟೇಜ್ ಬಿದ್ದಷ್ಟು ಅದರ ಕಸುವೂ ಬೀಳ್ತದ.

ಇನ್ವರ್ಟರ್ ಮ್ಯಾಲೂ ಇದು ಹಗುರ. ಹಳೇ ಆಂಪ್ ಹಾಡಿಲ್ಲದ ಸುಮ್ಮನ ಕುಂತ್ರೂ 30-40 ವ್ಯಾಟ್ ಎಳೀತದ, ಇದು 10ರ ಒಳಗ. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ರ ಹಳೇ ಟ್ರಾನ್ಸ್‌ಫಾರ್ಮರ್ ಗುಂಯ್ ಅಂತದ. ಈ ಹೊಸಾ ಅಡಾಪ್ಟರ್ ಎಸ್‌ಎಂಪಿಎಸ್ (ಸ್ವಿಚಿಂಗ್ ಸಪ್ಲೈ) ನಮೂನಿದು, ಬಂದ ಎಸಿನ ಮೊದಲ ಡಿಸಿ ಮಾಡ್ಕೊಂಡೇ ಕೆಲಸ ಶುರು ಮಾಡ್ತದ, ಅದಕ್ಕ ಆ ತ್ರಾಸ ಇಲ್ಲ.

ಅಡಾಪ್ಟರನ್ನ ಬಟ್ಟಿ ಕೆಳಗ, ಶೋಕೇಸ್ ಹಿಂದ ತುರುಕಬ್ಯಾಡ್ರಿ. ಕಾವು ಕಮ್ಮಿ ಅಂದ್ರ ಇಲ್ಲವೇ ಇಲ್ಲ ಅಂತಲ್ಲ.

ತಂಬೂರಿ, ಬೀದರ

ಹುಡುಗಿ ಹೇಳಿದ್ದು ಓದಿದೆ. ನನ್ನ ಸ್ಪೀಕರ್ 8 ಓಮ್‌ದು, ಆ ಬೋರ್ಡ್ 4 ಓಮ್‌ಗೆ ಮಾಡಿದ್ದು ಇರ್ಬೇಕು. ಒಣಕಲು ಅನ್ನಿಸಿದ್ದಕ್ಕ ಅದೂ ಒಂದು ಕಾರಣ ಅಂತ ಒಪ್ತೀನಿ. ಹೊಸವು ಛಲೋ ಇರಬಹುದು. ಆದ್ರೂ ಮನ್ಯಾಗ ಇಟ್ಟು, ತಂಬೂರಿ ಹತ್ತು ನಿಮಿಷ ಕೇಳದ ನಾ ರೊಕ್ಕ ಕೊಡಂಗಿಲ್ಲ.

ಆದ್ರ ಫರಸಿಮನಿಯವರ, ನೀವು ಬರದದ್ದರಾಗ ನನಗ ಆಂಪ್‌ಗಿಂತ ದೊಡ್ಡದಾಗಿ ಕಂಡದ್ದು ಶಹಾಬಾದ್ ಫರಸಿ, ಆರ್‌ಸಿಸಿ ಛತ್ತು. ಹಾಲಿನ ನಡುವ ನಿಂತು ಒಂದು ಚಪ್ಪಾಳೆ ಹೊಡದು ನೋಡ್ರಿ. ಝಣ್ ಅಂತ ಬಾಲ ಬಂತು ಅಂದ್ರ ಅದೇ ಬಾಲ ಪ್ರತಿ ಸ್ವರಕ್ಕೂ ಅಂಟ್ತದ. ಫರಸಿ ನೀರು ಹೀರಂಗಿಲ್ಲ, ಧ್ವನಿನೂ ಹೀರಂಗಿಲ್ಲ. ಹುಡುಗಿ 20 ಕಿಲೊಹರ್ಟ್ಸಿನ 1 ಡೆಸಿಬಲ್ ಲೆಕ್ಕ ಹೇಳಿದಳು. ನನ್ನ ವಯಸ್ಸಿನವರ ಕಿವಿಗೆ ಅಷ್ಟು ಮ್ಯಾಲೆ ಕೇಳ್ಸಂಗೇ ಇಲ್ಲ. ಕೋಣಿಯ ಗದ್ದಲ ಎಲ್ಲರಿಗೂ ಕೇಳಸ್ತದ.

ನಮ್ಮ ಮನ್ಯಾಗೂ ಕಲ್ಲೇ. ನಮ್ಮವ್ವ ಹೊಲದ ಕೌದಿ ನಾಲ್ಕು ಪೆಟ್ಟಿಗ್ಯಾಗ ಇದ್ದವು, ಹಳೇ ಇಳಕಲ್ ಸೀರಿ ಪದರ ಹಾಕಿ ಹೊಲದವು. ದಪ್ಪಂದು ಒಂದನ್ನ ಸ್ಪೀಕರಿನ ಎದುರು ಗೋಡಿಗೆ ಕಟ್ಟಿದೆ, ಗೋಡಿಗೆ ಅಂಟಿಸಿಲ್ಲ, ನಾಲ್ಕು ಬೆರಳು ಬಿಟ್ಟೀನಿ. ಸ್ಪೀಕರಿಗೂ ನಾ ಕೂಡೋ ಜಾಗಕ್ಕೂ ನಡುವ ನೆಲಕ್ಕ ಜಮಖಾನಿ. ಅವತ್ತು ರಾತ್ರಿ ಗಾಯಕರ ಉಸಿರು ಎಳಕೊಳ್ಳೋದು ಮೊದಲ ಸಲ ಕೇಳಸ್ತು. ಆಂಪ್ ಅದೇ, ಸ್ಪೀಕರ್ ಅದೇ.

ಭೀಮಾತೀರ, ಯಾದಗಿರಿ

ಕೌದಿ ಮಾತು ಖರೆ. ಸ್ಪೀಕರ್ ಗೋಡಿಯಿಂದ ಒಂದೂವರೆ-ಎರಡು ಅಡಿ ಮುಂದ ಎಳದ್ರ ಬಾಯಾದ ಗುಂಗೂ ಕಮ್ಮಿ ಆಗ್ತದ. ಇದಕ್ಕ ರೊಕ್ಕ ಹತ್ತಂಗಿಲ್ಲ.

ಫರಸಿಮನಿ, ಕಲಬುರಗಿ

ಎಲ್ಲರಿಗೂ ಉಪಕಾರ. 32 ವೋಲ್ಟಿಂದೇ ನೋಡ್ತೀನಿ. ಅಪ್ಪಾರ ರೇಡಿಯೊ ಸಂಗ್ತಿ ಯಾರೂ ಹೇಳ್ಲಿಲ್ಲ. ಅವರಿಗೆ ಮುಂಜಾನೆ ಆಕಾಶವಾಣಿ ಇಲ್ಲಂದ್ರ ಚಹಾ ರುಚಿ ಹತ್ತಂಗಿಲ್ಲ. ಇದೇನರ ತ್ರಾಸ ಕೊಡ್ತದೇನು?

ಸರ್ಕ್ಯೂಟ್‌ಹುಡುಗಿ, ಕಲಬುರಗಿ

ಕೊಡಬಹುದು. ಮೀಡಿಯಂ ವೇವ್ ಇರುವುದು 531ರಿಂದ 1602 ಕಿಲೊಹರ್ಟ್ಸ್ ತನಕ. ಆಂಪ್ 400 ಅಥವಾ 600 ಕಿಲೊಹರ್ಟ್ಸ್‌ನಲ್ಲಿ ಬಡಿದರೆ ಅದು ಅಥವಾ ಅದರ ಎರಡರಷ್ಟು, ಮೂರರಷ್ಟು ಅಲ್ಲೇ ಬಂದು ಬೀಳುತ್ತೆ. ಇದನ್ನು ತಪ್ಪಿಸಲೆಂದೇ ಟಿಪಿಎ3116 ಐಸಿಯಲ್ಲಿ ಬಡಿತದ ವೇಗ ಬದಲಿಸುವ ಏರ್ಪಾಡು ಕೊಟ್ಟಿದ್ದಾರೆ. ಉದ್ದನೆ ಸ್ಪೀಕರ್ ವೈರ್ ಏರಿಯಲ್ ಥರ ಆಗಿಬಿಡುತ್ತೆ, ಚಿಕ್ಕದಾಗಿ ಕತ್ತರಿಸಿ, ಎರಡೂ ಎಳೆ ಹೊಸೆದು ಬಿಡಿ. ರೇಡಿಯೊವನ್ನು ಅಡಾಪ್ಟರ್‌ನಿಂದ ದೂರ ಇಡಿ. ಅದರೊಳಗಿನ ಫೆರೈಟ್ ಕಡ್ಡಿಗೆ ದಿಕ್ಕು ಇರುತ್ತೆ, ಸೆಟ್ಟನ್ನು ಸ್ವಲ್ಪ ತಿರುಗಿಸಿದರೂ ಸದ್ದು ಇಳಿಯುತ್ತೆ.

ಫರಸಿಮನಿ, ಕಲಬುರಗಿ

ತಿಂಗಳ ಮ್ಯಾಲಾತು, ಬರೀಲಿಲ್ಲ, ಕ್ಷಮಿಸ್ರಿ. ಟಿಪಿಎ3255, ಪಿಎಫ್‌ಎಫ್‌ಬಿ ಇದ್ದದ್ದು, 32 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಕೂಡ ತಗೊಂಡೆ. ಹತ್ತು ಸಾವಿರದ ಮ್ಯಾಲೆ ಸ್ವಲ್ಪ ಆತು. ಹಳೇ ಆಂಪ್ ಕಾಕಾರ ಬೆಂಚಿಗೆ ಹೋಗ್ಯದ, ಅದನ್ನ ಅಪ್ಪಾರ ಕೋಣಿಗೆ ಇಡೋ ವಿಚಾರ.

ಮೊದಲಿನ ದಿನ ಕೇಳಿದಾಗ ಮನಸ್ಸು ಸಪ್ಪ ಆಗಿತ್ತು. ಸ್ವಚ್ಛ ಅದ, ಆದ್ರ ಚೂಪು ಅನ್ನಿಸ್ತು. ತಂಬೂರಿ ಸರ್ ಹೇಳಿದ ಚಪ್ಪಾಳೆ ಹೊಡದೆ, ಗುಮ್ಮಟದಾಗ ಹೊಡದಂಗ ಬಾಲ ಬಂತು. ಅವ್ವಾರಿಗೆ ಕೇಳಿ ಎರಡು ಕೌದಿ ಇಸಕೊಂಡೆ, ಜಮಖಾನಿ ಹಾಸಿದೆ, ಸ್ಪೀಕರ್ ಎರಡಡಿ ಮುಂದ ಎಳದೆ. ಈಗ ರಾತ್ರಿ ಹತ್ತರ ಮ್ಯಾಲೆ ಸಣ್ಣ ಧ್ವನ್ಯಾಗ ಇಟ್ರೂ ತಂಬೂರಿಯ ನಾಲ್ಕೂ ತಂತಿ ಬ್ಯಾರೆ ಬ್ಯಾರೆ ಎಣಿಸ್ಬಹುದು. ತಂಬೂರಿ ಸರ್, ಕಲಬುರಗಿಗೆ ಬಂದಾಗ ಮನಿಗೆ ಬರ್ರಿ, ಹತ್ತು ನಿಮಿಷ ಅಲ್ಲ, ಎರಡು ತಾಸು ಕೂಡ್ರೋಣು. ರೇಡಿಯೊ ಕಿಟಕಿಗೆ ಸರಸಿ ಅಡ್ಡ ಇಟ್ಟ ಮ್ಯಾಲೆ ಆಂಪ್ ಚಾಲೂ ಇದ್ರೂ ಆಕಾಶವಾಣಿ ಚೊಕ್ಕ ಬರ್ತದ. ಡಯಲ್‌ನ ಒಂದು ಕಡಿ ಮಾತ್ರ ಸಣ್ಣಗ ಸಿಳ್ಳಿ ಹೊಡೀತದ, ಅಲ್ಲಿ ಅಪ್ಪಾರ ಸ್ಟೇಷನ್ ಇಲ್ಲ.

ಒಂದೇ ಉಳದದ. ಬರಿಗಾಲಿನಾಗ ಫರಸಿ ಮ್ಯಾಲೆ ನಿಂತು ಆಂಪ್‌ನ ಲೋಹದ ಕೇಸ್ ಮುಟ್ಟಿದ್ರ ಬೆರಳಿಗೆ ಜುಂ ಅಂತದ. ಅಡಾಪ್ಟರ್ ಕೆಟ್ಟದೇನು ಕಾಕಾ?

ಹಳೇರಿಪೇರಿ, ಸೂಪರ್ ಮಾರ್ಕೆಟ್, ಕಲಬುರಗಿ

ಅಡಾಪ್ಟರ್ ಛಲೋನೇ ಇರ್ಬೇಕು. ಎಸ್‌ಎಂಪಿಎಸ್ ಒಳಗ ಗದ್ದಲ ತಡೀಲಿಕ್ಕ ಸಣ್ಣ ಕಂಡೆನ್ಸರ್ ಇರ್ತಾವ, ಅವುಗಳಿಂದ ಒಂದು ಎಳಿಯಷ್ಟು ಕರೆಂಟು ಅರ್ಥ್ ಪಿನ್ನಿಗೆ ಹರೀತದ. ನಿಮ್ಮ ಸಾಕೆಟ್‌ನಾಗ ಮೂರನೇ ತೂತು ಅದ, ಅದಕ್ಕ ಅರ್ಥ್ ಇಲ್ಲ, ಹಂಗಾಗಿ ನಿಮ್ಮ ಬೆರಳಿನಿಂದ ದಾರಿ ಹುಡುಕ್ತದ. ಟೆಸ್ಟ್ ಲ್ಯಾಂಪಿನ ಒಂದು ವೈರ್ ಫೇಸಿಗೆ, ಒಂದು ಆ ಮೂರನೇದಕ್ಕ ಹಿಡದ್ರ ಗೊತ್ತಾಗ್ತದ. ನೀವು ಹಿಡೀಬ್ಯಾಡ್ರಿ, ನಾ ಬಂದು ನೋಡ್ತೀನಿ. ಅಲ್ಲೀತನ ಚಪ್ಪಲ್ ಹಾಕ್ಕೊಂಡೇ ಮುಟ್ರಿ, ಫ್ರಿಜ್ ಮುಟ್ಟುವಾಗಲೂ ಅಷ್ಟೇ.

ಹಿತ್ತಲದಾಗ ಜಾಗ ಇದ್ರ ಎಂಟಡಿ ಜಿಐ ಪೈಪ್ ಇಳಸೋಣು. ರವಿವಾರ ಮುಂಜಾನೆ ಎಂಟಕ್ಕ ಬರ್ತೀನಿ. ಒಂದು ಚೀಲ ಇದ್ದಿಲು, ಹತ್ತು ಕಿಲೋ ದಪ್ಪ ಉಪ್ಪು ತಂದಿಡ್ರಿ. ನಿಮ್ಮ ಹಳೇ ಆಂಪ್ ತಯಾರ್ ಆಗ್ಯದ, ಅದನ್ನೂ ತರ್ತೀನಿ.